ವೋಚರ್ ಇಲ್ಲದ ಕಲ್ಲು

ಕಾಮರ್ಸ್ ಓದುವವನಿಗೆ ಕಲ್ಲಿನ ಹುಚ್ಚು ಯಾಕೆ ಎಂದು ಗೆಳೆಯರು ಕೇಳುತ್ತಾರೆ. ಇದನ್ನು ಹಚ್ಚಿದವರು ನನ್ನ ಮಾಮೂ, ಅಂದರೆ ಅಮ್ಮಿಯ ಅಣ್ಣ. ಅವರು ಲಾರಿ ಓಡಿಸುತ್ತಿದ್ದರು. ನಾನು ಏಳನೇ ತರಗತಿಯಲ್ಲಿದ್ದಾಗ ಮಹಾರಾಷ್ಟ್ರದ ಜಳಗಾಂವ್ ಕಡೆಯಿಂದ ಬರುವಾಗ ಹಳೆಯ ಟವೆಲ್‌ನಲ್ಲಿ ಸುತ್ತಿ ಒಂದು ಕಲ್ಲು ತಂದುಕೊಟ್ಟರು. ಹೊರಗೆ ಕಪ್ಪು, ಒಳಗೆ ಗಾಜಿನಂಥ ಹಸಿರು ಹರಳುಗಳು. "ಖಡಿ ಮಷಿನ್‌ಗೆ ಹೋಗುತ್ತಿತ್ತು ಬೇಟಾ, ಉಳಿಸಿಕೊಂಡು ಬಂದೆ" ಎಂದರು.

ಆ ಹಸಿರು ಹರಳಿನ ಹೆಸರು ಅಪೋಫಿಲೈಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್‌ನಲ್ಲಿ ಲಾವಾ ಪದರ ಪದರವಾಗಿ ಹರಿದು ತಣ್ಣಗಾಯಿತು. ನಮ್ಮ ವಿಜಯಪುರದ ಗೋಲಗುಮ್ಮಟ ಕಟ್ಟಿದ್ದೂ ಇಂಥದೇ ಕಪ್ಪು ಬಸಾಲ್ಟ್ ಕಲ್ಲಿನಿಂದ. ಲಾವಾದಲ್ಲಿದ್ದ ಅನಿಲದ ಗುಳ್ಳೆಗಳು ಕಲ್ಲಿನೊಳಗೆ ಪೊಳ್ಳುಗಳಾಗಿ ಉಳಿದವು. ಮುಂದೆ ಖನಿಜ ಕರಗಿದ ನೀರು ಆ ಪೊಳ್ಳುಗಳಿಗೆ ಇಳಿದು, ನಿಧಾನವಾಗಿ ಹರಳು ಕಟ್ಟಿತು. ಸ್ಟಿಲ್ಬೈಟ್, ಕ್ಯಾಲ್ಸೈಟ್, ಸ್ಫಟಿಕ ಎಲ್ಲವೂ ಹೀಗೆಯೇ ಸಿಗುತ್ತವೆ. ಪುಣೆ ಹತ್ತಿರದ ವಾಘೋಲಿಯ ಕ್ವಾರಿಗಳಲ್ಲಿ ಸಿಗುವ ಕಡುನೀಲಿ ಕ್ಯಾವನ್ಸೈಟ್ ಬಹಳ ಅಪರೂಪ. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್ ಸೇರಿದ್ದರಿಂದ ಅದಕ್ಕೆ ಆ ಹೆಸರು.

ಹರಳು ಗುರುತಿಸಲು ಬಣ್ಣವೊಂದನ್ನೇ ನಂಬಬಾರದು. 1812ರಲ್ಲಿ ಫ್ರೆಡ್ರಿಕ್ ಮೋಸ್ ಗಟ್ಟಿತನಕ್ಕೆ 1ರಿಂದ 10ರ ಅಳತೆ ಕೊಟ್ಟರು. ಕ್ಯಾಲ್ಸೈಟ್ 3, ಸ್ಫಟಿಕ 7. ಚಾಕುವಿನಿಂದ ಕ್ಯಾಲ್ಸೈಟ್ ಮೇಲೆ ಗೀರು ಬೀಳುತ್ತದೆ, ಸ್ಫಟಿಕದ ಮೇಲೆ ಬೀಳುವುದಿಲ್ಲ. ಆದರೆ ಚೆನ್ನಾಗಿರುವ ಹರಳಿನ ಮೇಲೆ ಗೀರಬೇಡಿ, ಮುರಿದ ಚೂರಿನ ಮೇಲೆ ನೋಡಿ. ಆಸಿಡ್ ಹಾಕಿ ತೊಳೆಯಲೂ ಬೇಡಿ, ಕ್ಯಾಲ್ಸೈಟ್ ನೊರೆಯಾಗಿ ಕರಗಿಹೋಗುತ್ತದೆ. ಮೆತ್ತನೆಯ ಬ್ರಷ್ ಸಾಕು. ಮಾಲೀಕರನ್ನು ಕೇಳದೆ ಕ್ವಾರಿಯೊಳಗೆ ಹೋಗಲೇಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ನಾನು ತಡವಾಗಿ ಕಲಿತೆ. ಪಿಯುಸಿ ಸೇರುವಾಗ ಫೀಸಿಗೆ ಸ್ವಲ್ಪವಾದರೂ ಆಗಲಿ ಎಂದು ಆ ಕಲ್ಲನ್ನು ಒಬ್ಬ ವ್ಯಾಪಾರಿಗೆ ತೋರಿಸಿದೆ. "ಯಾವ ಕ್ವಾರಿ? ಯಾವಾಗ ಸಿಕ್ಕಿತು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಹೇಳಬೇಕಾಗಿದ್ದ ಮಾಮೂ ಅದರ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದರು. ವ್ಯಾಪಾರಿ ಬಹಳ ಕಡಿಮೆ ಬೆಲೆ ಹೇಳಿದರು. ಕಲ್ಲನ್ನು ವಾಪಸ್ ಮನೆಗೆ ತಂದೆ. ಫೀಸನ್ನು ಅಬ್ಬಾ ಕಂತಿನಲ್ಲಿ ಕಟ್ಟಿದರು.

ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ಅಕೌಂಟೆನ್ಸಿ ತರಗತಿಯಲ್ಲಿ ಕೇಳಿದಾಗ ನನಗೆ ಆ ಕಲ್ಲೇ ನೆನಪಾಯಿತು. ಸಂಗ್ರಹಕಾರರಿಗೆ ಚೀಟಿಯೇ ವೋಚರ್: ಖನಿಜದ ಹೆಸರು, ಸಿಕ್ಕ ಜಾಗ, ದಿನಾಂಕ, ಕೊಟ್ಟವರ ಹೆಸರು. ಈಗ ನನ್ನ ಹತ್ತಿರ ಹತ್ತೊಂಬತ್ತು ಕಲ್ಲುಗಳಿವೆ, ಎಲ್ಲಕ್ಕೂ ಚೀಟಿ ಇದೆ. ಮೊದಲ ಕಲ್ಲಿನ ಚೀಟಿಯಲ್ಲಿ ಗೊತ್ತಿದ್ದಷ್ಟನ್ನೇ ಬರೆದಿದ್ದೇನೆ: "ಅಪೋಫಿಲೈಟ್. ಜಳಗಾಂವ್ ಕಡೆಯದು. ಮಾಮೂ ತಂದದ್ದು."

ನಿಮ್ಮ ಮನೆಯಲ್ಲೂ ಹಿರಿಯರು ತಂದ ಕಲ್ಲೋ, ನಾಣ್ಯವೋ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.