ನಿಮಗಿದು ಗೊತ್ತೇ? ರೀಲು ಕ್ಯಾಮೆರಾದ ಒಳಗುಟ್ಟುಗಳು

ಐಫೋನಿನಲ್ಲಿ ಫೋಟೊ ತೆಗೆದಾಗ ಕೇಳಿಸುವ ಸದ್ದು ಯಾರದ್ದು ಗೊತ್ತೇ? 1976ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾನನ್ ಎಇ-1 ಎಂಬ ಫಿಲ್ಮ್ ಕ್ಯಾಮೆರಾದ್ದು. ಆಪಲ್ ಕಂಪನಿಯಲ್ಲಿ ಧ್ವನಿ ವಿನ್ಯಾಸಕರಾಗಿದ್ದ ಜಿಮ್ ರೀಕ್ಸ್ ತಮ್ಮ ಹಳೆಯ ಕ್ಯಾಮೆರಾದ ಸದ್ದನ್ನೇ ಮುದ್ರಿಸಿಕೊಂಡು ಬಳಸಿದರು. ಕ್ಯಾಮೆರಾದಲ್ಲಿ ಆ ಸದ್ದಿನ ಹಿಂದೆ ಕೆಲಸವಿತ್ತು. ಕನ್ನಡಿ ಮೇಲೇಳುತ್ತಿತ್ತು, ಶಟರಿನ ಪರದೆ ಸರಿಯುತ್ತಿತ್ತು, ಬೆಳಕು ಒಳಗೆ ಬಂದು ಮತ್ತೆ ಕತ್ತಲಾಗುತ್ತಿತ್ತು. ಅಷ್ಟಾದ ಮೇಲೆ ಆ ಚಿತ್ರವನ್ನು ಅಳಿಸುವಂತಿಲ್ಲ, ನೋಡುವಂತೆಯೂ ಇಲ್ಲ. ಫಿಲ್ಮ್ ಕ್ಯಾಮೆರಾದ ಸುಖವೆಲ್ಲ ಇರುವುದು ಈ ಎರಡು ಕಟ್ಟುಪಾಡುಗಳಲ್ಲೇ ಎಂದು ನಾನು ನಂಬಿದ್ದೇನೆ.

ಕ್ಯಾಮೆರಾಗೆ ಹಾಕುವ 35 ಎಂಎಂ ರೀಲು ಮೂಲತಃ ಸಿನಿಮಾದ್ದು. ಜರ್ಮನಿಯ ವೆಟ್ಸ್ಲಾರ್ ಊರಿನ ಲೈಟ್ಸ್ ಕಂಪನಿ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್ ಅವರಿಗೆ ಅಸ್ತಮಾ. ಗಾಜಿನ ಪ್ಲೇಟು ತುಂಬಿದ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನು ಅಡ್ಡಡ್ಡ ಓಡಿಸಿ, ಎರಡು ಚೌಕಟ್ಟು ಸೇರಿಸಿ ಒಂದು ಮಾಡಿ, 24×36 ಮಿಲಿಮೀಟರಿನ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾವನ್ನು ಅವರು ರೂಪಿಸಿಕೊಂಡರು. ನಡುವೆ ಮಹಾಯುದ್ಧ ಬಂತು. ಕೊನೆಗೆ 1925ರ ಲೈಪ್ಜಿಗ್ ಮೇಳದಲ್ಲಿ ಅದು ‘ಲೈಕಾ’ ಎಂಬ ಹೆಸರಿನಲ್ಲಿ ಜನರೆದುರು ಬಂತು. ಇಂದು ಲಕ್ಷಗಟ್ಟಲೆ ಬೆಲೆಯ ಡಿಜಿಟಲ್ ಕ್ಯಾಮೆರಾ ಮಾರುವವರು ಹೆಮ್ಮೆಯಿಂದ ಹೇಳುವ ‘ಫುಲ್ ಫ್ರೇಮ್’ ಇದೆಯಲ್ಲ, ಅದರ ಅಳತೆ ಉಸಿರಾಟದ ತೊಂದರೆಯಿದ್ದ ಆ ಮನುಷ್ಯ ಗೊತ್ತುಮಾಡಿದ ಅಳತೆಯೇ.

1888ರ ಮೊದಲ ಕೊಡಕ್ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಇರಲಿಲ್ಲ! ಅಂದಾಜಿನಲ್ಲಿ ಗುರಿಯಿಟ್ಟು ಗುಂಡಿ ಒತ್ತಬೇಕು. ಚಿತ್ರಗಳು ದುಂಡಗೆ ಬರುತ್ತಿದ್ದವು. ನೂರು ಚಿತ್ರ ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿಕೊಡಬೇಕಿತ್ತು. ಅವರು ಪ್ರಿಂಟು ಹಾಕಿ, ಹೊಸ ಫಿಲ್ಮ್ ತುಂಬಿ ವಾಪಸು ಕಳಿಸುತ್ತಿದ್ದರು.

ಫಿಲ್ಮಿಗೂ ಸಾಸಿವೆಗೂ ನಂಟಿದೆ ಎಂದರೆ ನಂಬುತ್ತೀರಾ? ಬೆಳಕನ್ನು ಹಿಡಿಯುವ ಬೆಳ್ಳಿಯ ಹರಳುಗಳು ಫಿಲ್ಮಿನ ಮೇಲೆ ನಿಲ್ಲುವುದು ಜೆಲಟಿನ್ ಎಂಬ ಅಂಟಿನಲ್ಲಿ. ಅದನ್ನು ದನದ ಮೂಳೆ, ಚರ್ಮಗಳಿಂದ ತೆಗೆಯುತ್ತಾರೆ. ಕೆಲವು ಸರಕಿನ ಜೆಲಟಿನ್ ಬಳಸಿದರೆ ಫಿಲ್ಮ್ ಚುರುಕಾಗಿ ಬೆಳಕು ಹಿಡಿಯುತ್ತಿತ್ತು, ಕೆಲವು ಸರಕಿನದು ಮಂದ. 1920ರ ದಶಕದಲ್ಲಿ ಕೊಡಕ್‌ನ ರಸಾಯನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಕಾರಣ ಹುಡುಕುತ್ತಾ ಹೊರಟು ಹಸುವಿನ ಮೇವಿನ ತನಕ ಹೋದರು. ಸಾಸಿವೆ ಜಾತಿಯ ಗಿಡ ಮೇಯ್ದ ದನಗಳ ಜೆಲಟಿನ್‌ನಲ್ಲಿ ಗಂಧಕದ ಅಂಶ ಸೇರಿಕೊಂಡಿರುತ್ತಿತ್ತು. ಫಿಲ್ಮನ್ನು ಚುರುಕುಗೊಳಿಸುತ್ತಿದ್ದದ್ದು ಅದೇ. ಒಗ್ಗರಣೆಯಲ್ಲಿ ಮೂಗಿಗೆ ಬಡಿಯುವ ಸಾಸಿವೆಯ ಘಾಟಿಗೂ ಇಂಥ ಗಂಧಕದ ಸಂಯುಕ್ತವೇ ಮೂಲ. ಮುಂದೆ ಆ ಅಂಶವನ್ನು ಅಳತೆಯಿಟ್ಟು ಬೆರೆಸುವುದು ರೂಢಿಯಾಯಿತು.

ಅಮೆರಿಕ 1945ರ ಜುಲೈಯಲ್ಲಿ ಮೊದಲ ಅಣುಬಾಂಬನ್ನು ಗುಟ್ಟಾಗಿ ಪರೀಕ್ಷಿಸಿದ್ದು ಫಿಲ್ಮಿಗೆ ಗೊತ್ತಾಗಿಬಿಟ್ಟಿತ್ತು. ಆ ವರ್ಷ ಕೊಡಕ್‌ನ ಎಕ್ಸ್‌ರೇ ಫಿಲ್ಮುಗಳ ಮೇಲೆ ಕಾರಣವಿಲ್ಲದೆ ಕಲೆಗಳು ಕಾಣಿಸಿಕೊಂಡವು. ಕಂಪನಿಯ ಭೌತವಿಜ್ಞಾನಿ ಜೂಲಿಯನ್ ವೆಬ್ ಜಾಡು ಹಿಡಿದು ನಡೆದರು. ಫಿಲ್ಮ್ ಕಟ್ಟಲು ಬಳಸಿದ ರಟ್ಟು ಇಂಡಿಯಾನಾ ರಾಜ್ಯದ ಒಂದು ಕಾರ್ಖಾನೆಯದು. ಅಲ್ಲಿಗೆ ನೀರು ನದಿಯಿಂದ ಬರುತ್ತಿತ್ತು. ನ್ಯೂ ಮೆಕ್ಸಿಕೋದಲ್ಲಿ ಸಿಡಿದ ಬಾಂಬಿನ ವಿಕಿರಣದ ಧೂಳು ಅಷ್ಟು ದೂರ ಹಾರಿ ಬಂದು ಆ ನೀರಿಗೆ ಬಿದ್ದಿತ್ತು.

ಬಣ್ಣದ ಫಿಲ್ಮುಗಳಲ್ಲಿ ಬಹಳ ಮೆಚ್ಚುಗೆ ಪಡೆದ ಕೊಡಕ್ರೋಮ್ (1935) ಇಬ್ಬರು ಸಂಗೀತಗಾರರ ಕೊಡುಗೆ. ಲಿಯೋಪೋಲ್ಡ್ ಮ್ಯಾನ್ಸ್ ಪಿಯಾನೋ ವಾದಕ, ಲಿಯೋಪೋಲ್ಡ್ ಗೊಡೌಸ್ಕಿ ಪಿಟೀಲು ವಾದಕ. ಕತ್ತಲ ಕೋಣೆಯಲ್ಲಿ ಗಡಿಯಾರ ಕಾಣುವುದಿಲ್ಲವಾದ್ದರಿಂದ ಬ್ರಾಹ್ಮ್ಸ್ ಸಂಗೀತವನ್ನು ಶಿಳ್ಳೆಯಲ್ಲಿ ಲಯಬದ್ಧವಾಗಿ ನುಡಿಸುತ್ತ ಇಬ್ಬರೂ ಹೊತ್ತು ಲೆಕ್ಕ ಹಾಕುತ್ತಿದ್ದರು. 2009ರಲ್ಲಿ ಕೊಡಕ್ರೋಮ್ ತಯಾರಿ ನಿಂತಿತು. ಕಾರ್ಖಾನೆಯಿಂದ ಹೊರಬಂದ ಕೊನೆಯ ರೀಲು ಛಾಯಾಗ್ರಾಹಕ ಸ್ಟೀವ್ ಮೆಕರಿ ಅವರ ಕೈ ಸೇರಿತು. ಅದರ ಹಲವು ಚಿತ್ರಗಳನ್ನು ಅವರು ತೆಗೆದದ್ದು ಭಾರತದಲ್ಲಿ. 36 ಚಿತ್ರಗಳನ್ನು ಎಲ್ಲಿ ಖರ್ಚು ಮಾಡಬೇಕೆಂದು ಅವರೆಷ್ಟು ಯೋಚಿಸಿರಬೇಡ!

ಭಾರತದಲ್ಲೂ ಫಿಲ್ಮ್ ತಯಾರಾಗುತ್ತಿತ್ತು, ಅದೂ ನಮ್ಮ ಗಡಿಗೆ ಅಂಟಿಕೊಂಡಂತಿರುವ ಊಟಿಯಲ್ಲಿ. ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಹುಟ್ಟಿದ್ದು 1960ರಲ್ಲಿ, ಉತ್ಪಾದನೆ ಶುರುವಾದದ್ದು 1967ರಲ್ಲಿ. ಫಿಲ್ಮಿಗೆ ಧೂಳೂ ಸೆಕೆಯೂ ಶತ್ರು. ನೀಲಗಿರಿಯ ತಂಪು ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು. ‘ಇಂದು’ ಎಂಬ ಹೆಸರಿನ ಅಲ್ಲಿನ ಕಪ್ಪು-ಬಿಳುಪು ಫಿಲ್ಮು, ಕಾಗದಗಳು ಊರೂರಿನ ಸ್ಟುಡಿಯೋಗಳಲ್ಲಿ ಬಳಕೆಯಾದವು. ಮನೆಯ ಹಳೆಯ ಆಲ್ಬಂನಲ್ಲಿರುವ ಎಷ್ಟೋ ಮದುವೆಗಳ ಚಿತ್ರ ಬೆಳಕು ಕಂಡದ್ದು ಊಟಿಯ ಫಿಲ್ಮಿನ ಮೇಲೆ. ಆ ಕಾರ್ಖಾನೆ ಈಗ ಇಲ್ಲ, ನೆನೆದರೆ ಸಂಕಟವಾಗುತ್ತದೆ.

ಮಧ್ಯಮ ವರ್ಗದ ಮನೆಗಳಿಗೆ ಬಂದ ಆಗ್ಫಾ ಕ್ಲಿಕ್-3 ನೆನಪಿದೆಯೇ? ಒಂದು ರೀಲಿಗೆ ಹನ್ನೆರಡೇ ಚೌಕ ಚಿತ್ರ. ಅದಕ್ಕೆ ಹಾಕುತ್ತಿದ್ದ 120 ನಂಬರಿನ ಫಿಲ್ಮು 1901ರಿಂದ ಇಂದಿನವರೆಗೂ ಅದೇ ಅಗಲದಲ್ಲಿ ತಯಾರಾಗುತ್ತಿದೆ. ಅಂದರೆ ಅಜ್ಜನ ಕ್ಲಿಕ್-3 ಕೆಡದೆ ಉಳಿದಿದ್ದರೆ ಈ ವಾರವೇ ಅದಕ್ಕೆ ಹೊಸ ಫಿಲ್ಮ್ ತುಂಬಬಹುದು. ಇಪ್ಪತ್ತು ವರ್ಷದ ಹಿಂದಿನ ಡಿಜಿಟಲ್ ಕ್ಯಾಮೆರಾಗೆ ಬ್ಯಾಟರಿ ಹುಡುಕಿ ನೋಡಿ, ಇದರ ಬೆಲೆ ತಿಳಿಯುತ್ತದೆ.

ರೋಲಿಫ್ಲೆಕ್ಸ್ ಹಿಡಿದವರು ತಲೆ ಬಗ್ಗಿಸಿ ಫೋಟೊ ತೆಗೆಯುತ್ತಿದ್ದರು. 1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಿಂದ ಬಂದ ಈ ಕ್ಯಾಮೆರಾಗೆ ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನೋಡಲು, ಕೆಳಗಿನದು ಚಿತ್ರ ಹಿಡಿಯಲು. ಹೊಟ್ಟೆಯ ಹತ್ತಿರ ಹಿಡಿದು ಮೇಲಿನ ಗಾಜಿನಲ್ಲಿ ನೋಡಬೇಕು. ಅಲ್ಲಿ ಎಡಬಲ ಅದಲುಬದಲು: ಮಗು ಎಡಕ್ಕೆ ಓಡಿದರೆ ಗಾಜಿನಲ್ಲಿ ಬಲಕ್ಕೆ ಓಡುತ್ತದೆ. ಮೊದಮೊದಲು ಕೈ ತಡವರಿಸಿದರೂ ಆಮೇಲೆ ಅದರ ರುಚಿ ಹತ್ತುತ್ತದೆ. ನೋಟ ತಿರುಗುಮುರುಗಾದಾಗ ಕಣ್ಣು ಮುಖವನ್ನು ಬಿಟ್ಟು ಬೆಳಕು, ಆಕಾರಗಳನ್ನು ಗಮನಿಸತೊಡಗುತ್ತದೆ. ಎದುರಿಗಿರುವವರಿಗೂ ನಿರಾಳ, ಯಾರೂ ಅವರನ್ನು ದಿಟ್ಟಿಸುತ್ತಿಲ್ಲ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ನೆಹರೂ ಕಾಲದ ದೆಹಲಿಯನ್ನು ಹಿಡಿದಿಟ್ಟದ್ದರಲ್ಲಿ ರೋಲಿಫ್ಲೆಕ್ಸಿನ ಪಾಲೂ ಇದೆ.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರನ್ನೂ ಇಲ್ಲಿ ನೆನೆಯಲೇಬೇಕು. ‘ಲೈಫ್’ನಂಥ ಪತ್ರಿಕೆಗಳಿಗೆ ಚಿತ್ರ ಕೊಟ್ಟ ಅವರು ಮನಸ್ಸಿಟ್ಟು ತೆಗೆದದ್ದು ಸಾಮಾನ್ಯ ಜನರನ್ನು, ಮಕ್ಕಳನ್ನು. 1977ರಲ್ಲಿ ಪದ್ಮಶ್ರೀ ಬಂತು. ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ಯಾರೂ ಕ್ಯಾಮೆರಾಗಾಗಿ ನಿಂತಂತೆ ಕಾಣುವುದಿಲ್ಲ. ಎಣಿಸಿದಷ್ಟೇ ಚಿತ್ರ ಇದ್ದಾಗ ಮನುಷ್ಯ ಗುಂಡಿ ಒತ್ತುವ ಮೊದಲು ಎಷ್ಟು ಹೊತ್ತು ನೋಡುತ್ತಾನೆ ಎಂಬುದಕ್ಕೆ ಅವು ಸಾಕ್ಷಿ.

ಬಿಸಿಲಿದ್ದರೆ ಬೆಳಕು ಅಳೆಯುವ ಮೀಟರ್ ಬೇಡ, ಗೊತ್ತೇ? ಲೆನ್ಸಿನ ಕಿಂಡಿಯನ್ನು ಎಫ್-16ಕ್ಕೆ ಇಡಿ. ಶಟರ್ ವೇಗವನ್ನು ಫಿಲ್ಮಿನ ಐಎಸ್ಒ ಸಂಖ್ಯೆಗೆ ಹತ್ತಿರದಲ್ಲಿಡಿ: 100ರ ಫಿಲ್ಮಾದರೆ ಸೆಕೆಂಡಿನ 1/125 ಭಾಗ. ಮೋಡ ಮುಸುಕಿದರೆ ಎಫ್-8. ಇಷ್ಟು ಬಾಯಿಪಾಠವಾದರೆ ಬ್ಯಾಟರಿಯೇ ಇಲ್ಲದ ಕ್ಯಾಮೆರಾದಲ್ಲೂ ಒಳ್ಳೆಯ ಚಿತ್ರ ಬರುತ್ತದೆ. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ-1000ಕ್ಕೆ ಬ್ಯಾಟರಿ ಬೇಕಾದದ್ದು ಬೆಳಕು ಅಳೆಯುವುದಕ್ಕೆ ಮಾತ್ರ. ಅದು ಸತ್ತರೂ ಶಟರ್ ಓಡುತ್ತಿತ್ತು.

ಚಂದ್ರನ ಮೇಲೆ ಹನ್ನೆರಡು ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಗಳು ಇಂದಿಗೂ ಬಿದ್ದಿವೆ. ಅಪೊಲೊ ಯಾತ್ರಿಗಳು ಭಾರ ಇಳಿಸಲು ಕ್ಯಾಮೆರಾ ಬಿಟ್ಟು ಫಿಲ್ಮ್ ಮಾತ್ರ ತಂದರು. ಇನ್ನೊಂದು ಚಂದ್ರಯಾನದ ಕಥೆ ಇದಕ್ಕಿಂತ ಸ್ವಾರಸ್ಯ. 1959ರಲ್ಲಿ ಚಂದ್ರನ ಆಚೆ ಬದಿಯನ್ನು ಮೊದಲು ತೋರಿಸಿದ ಸೋವಿಯತ್ ನೌಕೆ ಲೂನಾ-3 ತನ್ನ ಒಡಲಲ್ಲೇ ಫಿಲ್ಮ್ ತೊಳೆದು, ಒಣಗಿಸಿ, ಚಿತ್ರವನ್ನು ರೇಡಿಯೋ ಮೂಲಕ ಕಳಿಸಿತು. ಅದರಲ್ಲಿದ್ದದ್ದು ಅಮೆರಿಕದ ಬೇಹುಗಾರಿಕೆ ಬಲೂನುಗಳಿಂದ ಸೋವಿಯತ್ತರ ಕೈಗೆ ಸಿಕ್ಕ ಫಿಲ್ಮು!

ತೊಳೆಯದ ರೀಲಿನಲ್ಲಿ ಚಿತ್ರ ಎಷ್ಟು ಕಾಲ ಉಳಿದೀತು? 1897ರಲ್ಲಿ ಸ್ವೀಡನ್ನಿನ ಮೂವರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟರು. ಬಲೂನು ಹಿಮದ ಮೇಲೆ ಇಳಿದುಬಿಟ್ಟಿತು. ತಿಂಗಳುಗಟ್ಟಲೆ ನಡೆದು ಒಂದು ನಿರ್ಜನ ದ್ವೀಪ ಸೇರಿ ಅಲ್ಲೇ ತೀರಿಕೊಂಡರು. 1930ರಲ್ಲಿ ಅವರ ದೇಹಗಳ ಜೊತೆ ನಿಲ್ಸ್ ಸ್ಟ್ರಿಂಡ್‌ಬರ್ಗ್ ಅವರ ಕ್ಯಾಮೆರಾ, ಫಿಲ್ಮುಗಳೂ ಸಿಕ್ಕವು. 33 ವರ್ಷ ಹಿಮದಲ್ಲಿದ್ದ ಆ ಫಿಲ್ಮನ್ನು ಸ್ಟಾಕ್‌ಹೋಮ್‌ನಲ್ಲಿ ತೊಳೆದಾಗ 93 ಚಿತ್ರಗಳು ಉಳಿದುಬಂದವು. ಬಿದ್ದ ಬಲೂನಿನ ಮುಂದೆ ನಿಂತ ಇಬ್ಬರ ಚಿತ್ರವೂ ಅವುಗಳಲ್ಲಿದೆ. ಬೆಳಕು ತಾಗಿದಾಗ ಒಂದು ಹರಳಿನಲ್ಲಿ ಹುಟ್ಟುವುದು ಬೆರಳೆಣಿಕೆಯ ಬೆಳ್ಳಿ ಪರಮಾಣುಗಳು, ಯಾವ ಕಣ್ಣಿಗೂ ಕಾಣದಷ್ಟು. ತೊಳೆಯುವ ದ್ರಾವಣ ಅವನ್ನು ಕಂಡುಹಿಡಿದು ಕೋಟಿಗಟ್ಟಲೆ ಪಟ್ಟು ಬೆಳೆಸುತ್ತದೆ.

ಬೆಳಕು ತಾಗದೆ ಉಳಿದ ಹರಳನ್ನು ತೊಳೆದು ತೆಗೆಯುವುದು ಹೈಪೊ ಎಂಬ ಇನ್ನೊಂದು ದ್ರಾವಣ. ಆ ಬೆಳ್ಳಿ ದ್ರಾವಣದಲ್ಲೇ ಉಳಿಯುತ್ತದೆ. ಬಳಸಿದ ಹೈಪೊವನ್ನು ಸ್ಟುಡಿಯೋದವರು ಚೆಲ್ಲದೆ ಮಾರುತ್ತಿದ್ದದ್ದೂ, ಹಳೆಯ ಎಕ್ಸ್‌ರೇ ಹಾಳೆ ಕೊಳ್ಳುವವರು ಇರುವುದೂ ಈ ಬೆಳ್ಳಿಗಾಗಿಯೇ.

ಹೊಸ ಫಿಲ್ಮ್ ಕ್ಯಾಮೆರಾ ಈಗಲೂ ಹುಟ್ಟುತ್ತಿದೆ. 2024ರಲ್ಲಿ ಪೆಂಟಾಕ್ಸ್ 17 ಬಂತು, ಹೆಬ್ಬೆರಳಿನಿಂದ ಎಳೆಯುವ ಸನ್ನೆಯ ಸಮೇತ. 36ರ ರೀಲಿನಲ್ಲಿ ಅರ್ಧರ್ಧ ಚೌಕಟ್ಟಿನ 72 ಚಿತ್ರ ತೆಗೆಯುತ್ತದೆ.

ಅಟ್ಟದಲ್ಲೋ ಬೀರುವಿನಲ್ಲೋ ಹಳೆಯ ಕ್ಯಾಮೆರಾ ಸಿಕ್ಕರೆ ತಕ್ಷಣ ಹಿಂಬಾಗಿಲು ತೆರೆಯಬೇಡಿ. ಎಡಗಡೆಯ ತಿರುಪನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಿಗಿ ಅನಿಸಿದರೆ ಒಳಗೆ ರೀಲಿದೆ. ತಳದ ಪುಟ್ಟ ಗುಂಡಿ ಒತ್ತಿ, ತಿರುಪು ಪೂರ್ತಿ ಸಡಿಲವಾಗುವವರೆಗೆ ಸುತ್ತಿ, ಆಮೇಲೆ ತೆಗೆಯಿರಿ. ಕ್ಲಿಕ್-3ರಂಥದ್ದಾದರೆ ಹಿಂದಿನ ಕೆಂಪು ಕಿಂಡಿಯಲ್ಲಿ ಅಂಕಿ ಕಾಣುತ್ತದೆಯೇ ನೋಡಿ. ಕಂಡರೆ ಕಾಗದ ಮುಗಿಯುವವರೆಗೆ ಮುಂದಕ್ಕೆ ಸುತ್ತಿ, ನೆರಳಿನಲ್ಲಿ ತೆರೆಯಿರಿ. ಬಣ್ಣದ್ದಕ್ಕಿಂತ ಕಪ್ಪು-ಬಿಳುಪು ಫಿಲ್ಮು ಹೆಚ್ಚು ವರ್ಷ ತಾಳಿಕೊಳ್ಳುತ್ತದೆ. ರೀಲು ಎಷ್ಟು ಹಳೆಯದೆಂದು ಲ್ಯಾಬಿನವರಿಗೆ ಮೊದಲೇ ಹೇಳಿ. ತೊಳೆಯುವ ಹೊತ್ತನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಲು ಅವರಿಗೆ ಅದು ಬೇಕಾಗುತ್ತದೆ.