ನಿಮಗಿದು ಗೊತ್ತೇ? ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಎಷ್ಟೆಲ್ಲ ಆಗುತ್ತದೆ!

ಮೈಸೂರಿನ ರಾಜೀವನಗರದಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. 20×30, 30×40 ಅಡಿಯ ಸೈಟಿನಲ್ಲಿ ಮನೆ ಎದ್ದಮೇಲೆ ಹಿತ್ತಲಿಗೆಂದು ಜಾಗ ಉಳಿಯುವುದು ಕಷ್ಟ. ಆದರೂ ಮೇಲೆ ತಾರಸಿ ಇದೆ, ಒಳಗೆ ಅಡುಗೆಮನೆ ಇದೆ, ಕೆಲಸ ಬಲ್ಲ ಕೈಗಳಿವೆ. ತಿಂಗಳಿಗೊಮ್ಮೆ ಚೀಟಿ ಬರೆದು ಕೊಂಡು ತರುವ ಎಷ್ಟೋ ವಸ್ತುಗಳನ್ನು ನಾವೇ ಬೆಳೆಯಬಹುದು, ನಾವೇ ಮಾಡಿಕೊಳ್ಳಬಹುದು. ಇದರಿಂದ ಹಣ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯ ಕಾಲದ ತಿಳಿವಳಿಕೆ ಮನೆಯಲ್ಲೇ ಉಳಿಯುತ್ತದೆ. ಹಾಗೆ ಉಳಿಯಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ತಾರಸಿ, ನೀರು

● ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಮೈಸೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿ.ಮೀ. 20×30ರ ಸೈಟಿನ ತಾರಸಿ ಅಂದಾಜು 50 ಚದರ ಮೀಟರ್. ಗುಣಿಸಿ ನೋಡಿ: ವರ್ಷಕ್ಕೆ 40,000 ಲೀಟರ್! ಮೊದಲ ಮಳೆಯ ಧೂಳು ನೀರನ್ನು ಹೊರಗೆ ಬಿಡಿ, ಆಮೇಲಿನದನ್ನು ಡ್ರಮ್ಮಿಗೆ ತಿರುಗಿಸಿ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿದರೆ ಸೊಳ್ಳೆ ಮೊಟ್ಟೆಯಿಡುವುದಿಲ್ಲ.

● ಬೆಂಗಳೂರಿನ ವಿಜ್ಞಾನಿ ಎ.ಆರ್. ಶಿವಕುಮಾರ್ ತಮ್ಮ ‘ಸೌರಭ’ ಮನೆಗೆ ನಲ್ಲಿ ಸಂಪರ್ಕವನ್ನೇ ಪಡೆಯದೆ, 1995ರಿಂದ ಮಳೆನೀರನ್ನೇ ನೆಚ್ಚಿ ಬದುಕಿದವರು.

● 15 ಸೆಂ.ಮೀ. ದಪ್ಪ ಹರಡಿದ ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 250 ಕೆ.ಜಿ. ತೂಗುತ್ತದೆ. ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆದ್ದರಿಂದ ತಾರಸಿಯ ತುಂಬ ಮಣ್ಣು ಸುರಿಯಬೇಡಿ. ಮಣ್ಣಿಗೆ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಬೆರೆಸಿ ಹಗುರ ಮಾಡಿಕೊಳ್ಳಿ. ಕುಂಡಗಳನ್ನು ಗೋಡೆ ಮತ್ತು ತೊಲೆಗಳ ನೇರಕ್ಕೆ ಸಾಲಾಗಿ ಇಡಿ.

● ಗಿಡದ ಪಕ್ಕ ಹೊಳಪು ಬಳಿಯದ ಮಣ್ಣಿನ ಕುಡಿಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ಮಣ್ಣು ಒಣಗಿದಷ್ಟೇ ನೀರು ಜಿನುಗುತ್ತದೆ. ಎರಡು ಸಾವಿರ ವರ್ಷ ಹಿಂದಿನ ಚೀನಾದ ಕೃಷಿ ಗ್ರಂಥದಲ್ಲೇ ಈ ಉಪಾಯ ದಾಖಲಾಗಿದೆ. ಊರಿಗೆ ಹೋಗುವ ಮುಂಚೆ ಇಷ್ಟು ಮಾಡಿಟ್ಟರೆ ಗಿಡ ಬಾಡುವುದಿಲ್ಲ.

ಸೊಪ್ಪು, ಬೀಜ

● ನಾವು ಕೊತ್ತಂಬರಿ ಬೀಜ ಎನ್ನುವುದು ನಿಜಕ್ಕೂ ಒಂದು ಒಣ ಹಣ್ಣು. ಅದರೊಳಗೆ ಎರಡು ಬೀಜಗಳಿವೆ. ಲಟ್ಟಣಿಗೆಯಿಂದ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೆ ಬೇಗ ಮೊಳೆಯುತ್ತದೆ, ಸಸಿಯೂ ಹೆಚ್ಚು.

● ಪುದೀನ ಕಟ್ಟಿನಿಂದ ಎಲೆ ಬಿಡಿಸಿಕೊಂಡ ಮೇಲೆ ಉಳಿಯುವ ದಂಟನ್ನು ನೀರಿನಲ್ಲಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತದೆ. ದೊಡ್ಡಪತ್ರೆಗೆ ಅಷ್ಟು ಉಪಚಾರವೂ ಬೇಡ. ತುಂಡು ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು. ನಾಲ್ಕು ಎಲೆ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ ಸಿದ್ಧ.

● ದಸರೆಯ ಗೊಂಬೆ ಕೂರಿಸುವಾಗ ಮುಂದೆ ಪುಟ್ಟ ‘ಪಾರ್ಕ್’ ಮಾಡಲು ಮೈಸೂರಿನ ಮನೆಗಳಲ್ಲಿ ತಟ್ಟೆಯ ಮಣ್ಣಿಗೆ ರಾಗಿ ಅಥವಾ ಮೆಂತ್ಯ ಎರಚುತ್ತಾರೆ. ಮೆಂತ್ಯದ ಆ ತಟ್ಟೆಯನ್ನು ಹಬ್ಬ ಮುಗಿದ ಮೇಲೂ ಬಿಸಿಲಿಗಿಟ್ಟು ನೀರು ಕೊಟ್ಟರೆ, ಬಿತ್ತಿದ ಮೂರು ವಾರಕ್ಕೆ ಸೊಪ್ಪು ಕೊಯ್ಯಬಹುದು. ಮಕ್ಕಳಿಗೆ ಬೇಸಾಯದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

● ಯಾರೂ ಬಿತ್ತದೆ, ನೀರು ಹಾಕದೆ ಬರುವ ಊಟವೂ ಒಂದಿದೆ. ಹಳೆ ಮೈಸೂರು ಸೀಮೆಯ ಬೆರಕೆ ಸೊಪ್ಪು ಅದು. ಹೊಲದ ಬದುವಿನಲ್ಲಿ, ಬೇಲಿಯಂಚಿನಲ್ಲಿ ಬೆಳೆಯುವ ಅಣ್ಣೆ, ಗಣಿಕೆ, ಕನ್ನೆ, ಗೋಣಿ ಸೊಪ್ಪುಗಳನ್ನೆಲ್ಲ ಒಟ್ಟಿಗೆ ಬಿಡಿಸಿ ತಂದು ಕಾಳಿನ ಜೊತೆ ಬೇಯಿಸುತ್ತಾರೆ. ಬಸಿದ ಕಟ್ಟು ಉಪ್ಸಾರಾಗುತ್ತದೆ, ಉಳಿದದ್ದು ಪಲ್ಯ. ಮುದ್ದೆಗೆ ಎರಡೂ ಜೊತೆ. ಸೊಪ್ಪು ಬೇಯುವಾಗ ನೀರಿಗೆ ಇಳಿಯುವ ಜೀವಸತ್ವಗಳು ಚರಂಡಿಗೆ ಹೋಗದೆ ತಟ್ಟೆಗೇ ಬರುತ್ತವೆ. ಗೋಣಿ ಸೊಪ್ಪಿನಲ್ಲಂತೂ ಒಮೆಗಾ–3 ಕೊಬ್ಬಿನಂಶ ಉಳಿದ ಸೊಪ್ಪುಗಳಿಗಿಂತ ಹೆಚ್ಚು. ಸೊಪ್ಪಿನ ಗುರುತು ಬಲ್ಲ ಹಿರಿಯರ ಜೊತೆ ಹೋಗಿಯೇ ಕಲಿಯಬೇಕು. ಚರಂಡಿ ಪಕ್ಕದ್ದನ್ನು, ಔಷಧಿ ಹೊಡೆದ ಜಾಗದ್ದನ್ನು ಮುಟ್ಟಬಾರದು.

● ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಸೊಪ್ಪು ಕೊಡುವ ಚಕ್ರಮುನಿ ಗಿಡಕ್ಕೆ ಹಿತ್ತಲಲ್ಲಿ ದೊಡ್ಡ ಹೆಸರು. ಆದರೆ 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಅದರ ಹಸಿ ರಸವನ್ನು ದಿನಾ ಕುಡಿದ ಹಲವರ ಶ್ವಾಸಕೋಶಕ್ಕೆ ತೀವ್ರ ಹಾನಿಯಾಯಿತು. ಬೇಯಿಸಿ, ಹಿತಮಿತವಾಗಿ ತಿನ್ನಿ.

● ಮೈಸೂರಿನ ಈರನಗೆರೆಯ ಹೆಸರು ಹೊತ್ತ ಬದನೆ ತಳಿಯೇ ಇದೆ. ಬಡಾವಣೆಗಳು ಹಬ್ಬಿದಂತೆ ಇಂಥ ತಳಿಗಳಿಗೆ ನೆಲ ಕಡಿಮೆಯಾಯಿತು. ನೆರೆಯ ನಂಜನಗೂಡಿನ ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಸೊರಗಿದೆ. ಭೌಗೋಳಿಕ ಸೂಚಕದ ಮಾನ್ಯತೆ ಇದ್ದರೂ ತೋಟಗಳು ವಿರಳ. ಊರಿನ ತಳಿಯೊಂದನ್ನು ಕುಂಡದಲ್ಲಿ ಬೆಳೆದು ಬೀಜ ಎತ್ತಿಡುವವರು ಆ ತಳಿಯನ್ನೇ ಕಾಪಾಡುತ್ತಿದ್ದಾರೆ.

● ಟೊಮೆಟೊ ಬೀಜದ ಸುತ್ತಲ ಲೋಳೆಯಲ್ಲಿ ಮೊಳಕೆ ತಡೆಯುವ ಅಂಶವಿದೆ. ಹಣ್ಣಿನ ತಿರುಳನ್ನು ಸ್ವಲ್ಪ ನೀರಿನಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ. ನಾಟಿ ಹಣ್ಣಾದರೆ ಮುಂದಿನ ವರ್ಷವೂ ಅದೇ ಗುಣದ ಹಣ್ಣು ಸಿಗುತ್ತದೆ. ಹೈಬ್ರಿಡ್ ಆದರೆ ಆ ಭರವಸೆಯಿಲ್ಲ.

● ಆಯುಧಪೂಜೆಯ ಚೆಂಡುಹೂವಿನ ಹಾರವನ್ನು ಕಸಕ್ಕೆ ಎಸೆಯಬೇಡಿ. ಒಣಗಿದ ಹೂವನ್ನು ಬಿಡಿಸಿ ಬಿತ್ತಿದರೆ ಸಸಿ ಏಳುತ್ತದೆ. ಚೆಂಡುಹೂವಿನ ಬೇರು ಮಣ್ಣಿಗೆ ಬಿಡುವ ರಾಸಾಯನಿಕ, ಟೊಮೆಟೊ ಮತ್ತು ಬದನೆಯ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುಗಳನ್ನು ಹತ್ತಿಕ್ಕುತ್ತದೆ.

● ಸುವರ್ಣಗೆಡ್ಡೆ, ಕೆಸವು, ಗೆಣಸುಗಳಿಗಾಗಿಯೇ ಮೈಸೂರಿನಲ್ಲಿ ಮೇಳ ನಡೆದಿದೆ. ನಂಜರಾಜ ಬಹದ್ದೂರ್ ಛತ್ರದಲ್ಲಿ ‘ಸಹಜ ಸಮೃದ್ಧ’ ಸಂಸ್ಥೆ ಏರ್ಪಡಿಸಿದ ಗೆಡ್ಡೆ–ಗೆಣಸು ಮೇಳ ಅದು. ಸಿಹಿಗೆಣಸಿನ ಬಳ್ಳಿಯ ತುಂಡೊಂದು ಹಳೆಯ ಗೋಣಿಚೀಲದ ಮಣ್ಣಿನಲ್ಲೂ ಗೆಡ್ಡೆ ಕಟ್ಟುತ್ತದೆ.

ಕಸ, ಗೊಬ್ಬರ

● 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶದ 73 ನಗರಗಳ ಪೈಕಿ ಮೊದಲ ಸ್ಥಾನ ಮೈಸೂರಿನದು. ನಮ್ಮ ನಗರಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಳೆಯುವ ಹಸಿ ಕಸ. ಅದು ಮನೆಯಲ್ಲೇ ಗೊಬ್ಬರವಾದರೆ ಪೌರಕಾರ್ಮಿಕರು ಹೊರುವ ಭಾರವೂ ಅರ್ಧ ಇಳಿಯುತ್ತದೆ. ಮೈಸೂರಿನ ಆ ಹೆಸರನ್ನು ಉಳಿಸುವ ಕೆಲಸ ನಮ್ಮ ಬಚ್ಚಲ ಮೂಲೆಯ ಬಕೆಟ್ಟಿನಿಂದಲೇ ಆರಂಭವಾಗಬಹುದು.

● ಗೊಬ್ಬರದ ಬುಟ್ಟಿ ನಾರುತ್ತಿದ್ದರೆ ಒಂದೇ ಅರ್ಥ: ಒಳಗೆ ನೀರು ಹೆಚ್ಚು, ಗಾಳಿ ಕಡಿಮೆ. ಒಂದು ಪಾಲು ಹಸಿ ಕಸಕ್ಕೆ ಎರಡು ಮೂರು ಪಾಲು ಒಣ ತರಗೆಲೆ ಅಥವಾ ಮರದ ಹೊಟ್ಟು ಹಾಕಿ, ವಾರಕ್ಕೊಮ್ಮೆ ಕೆದಕಿ.

● ಮೊಟ್ಟೆಯ ಚಿಪ್ಪು ಬಹುಪಾಲು ಸುಣ್ಣವೇ. ಆದರೆ ಒಡೆದು ಎಸೆದ ಚಿಪ್ಪು ವರ್ಷಗಟ್ಟಲೆ ಕರಗುವುದಿಲ್ಲ. ಒಣಗಿಸಿ ನುಣ್ಣಗೆ ಪುಡಿ ಮಾಡಿ ಮಣ್ಣಿಗೆ ಬೆರೆಸಿದರೆ ಮಾತ್ರ ಪ್ರಯೋಜನ.

● ಸುಭಾಷ್ ಪಾಳೇಕರ್ ಪ್ರಚುರಪಡಿಸಿದ ಜೀವಾಮೃತ ಎಂಬ ದ್ರವಗೊಬ್ಬರದ ಅಳತೆ ಎಕರೆಗೆ 200 ಲೀಟರ್. ತಾರಸಿಗೆ ಹತ್ತು ಲೀಟರ್ ಸಾಕು. ಅಷ್ಟು ನೀರಿಗೆ ಅರ್ಧ ಕೆ.ಜಿ. ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಒಳ್ಳೆಯ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುವಿ, ಎರಡು ಮೂರು ದಿನದಲ್ಲಿ ಬಳಸಿ.

● ಹಳದಿ ಬಣ್ಣಕ್ಕೆ ಬಿಳಿನೊಣ ಮತ್ತು ಸಸ್ಯಹೇನುಗಳು ಮುತ್ತುತ್ತವೆ. ಹಳೆಯ ಡಬ್ಬಿಯ ಮುಚ್ಚಳಕ್ಕೆ ಹಳದಿ ಬಣ್ಣ ಬಳಿದು, ಹರಳೆಣ್ಣೆ ಸವರಿ ಗಿಡದ ಮಟ್ಟದಲ್ಲಿ ನೇತುಹಾಕಿ. ಪೈಸೆ ಖರ್ಚಿಲ್ಲದ ಬಲೆ.

ಅಡುಗೆಮನೆ

● ಆಹಾರ ಕೆಡದಂತೆ ಕಾಯುವ ವಿದ್ಯೆಯ ದೊಡ್ಡ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಆರಂಭವಾದದ್ದು ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ. ಆ ವಿದ್ಯೆಯ ಮೂಲಪಾಠ ಮಾತ್ರ ನಮ್ಮ ಉಪ್ಪಿನಕಾಯಿ ಜಾಡಿಯಲ್ಲಿ ಮೊದಲಿನಿಂದಲೂ ಇತ್ತು. ಉಪ್ಪು ಕಾಯಿಯ ನೀರನ್ನು ಎಳೆಯುತ್ತದೆ, ಹುಳಿ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಸಾಸಿವೆಯ ಘಾಟು ಅವುಗಳನ್ನು ಕೊಲ್ಲುತ್ತದೆ. ಒದ್ದೆ ಚಮಚ ಹಾಕಬೇಡ ಎಂದು ಅಜ್ಜಿ ಗದರುತ್ತಿದ್ದುದರಲ್ಲಿ ವಿಜ್ಞಾನವೇ ಇತ್ತು.

● ಹೀರೆಕಾಯಿಯ ಸಿಪ್ಪೆ ಚಟ್ನಿಗೆ, ಕಿತ್ತಳೆಯ ಸಿಪ್ಪೆ ಗೊಜ್ಜಿಗೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ, ಬಾಳೆದಿಂಡು ಪಲ್ಯಕ್ಕೆ, ಹಲಸಿನ ಬೀಜ ಸಾರಿಗೆ. ಅಕ್ಕಿ ತೊಳೆದ ಕಲಗಚ್ಚು ಹಸುವಿಗೆ, ಹಸುವಿಲ್ಲದ ಮನೆಯಲ್ಲಿ ಗಿಡಕ್ಕೆ. ಕನ್ನಡದ ಅಡುಗೆಮನೆ ಎಸೆಯುವುದನ್ನು ಕಲಿತದ್ದು ಈಚೆಗಷ್ಟೇ.

● ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕಾಳು ತೀರಾ ಸಣ್ಣದಾದ್ದರಿಂದ ಹುಳ ಹಿಡಿಯುವುದು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ಮಂಡ್ಯದ ವಿ.ಸಿ. ಫಾರಂನ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಅಂಗಡಿಯ ಡಬ್ಬಿಗೆ ಸಾಟಿಯಾದ ಮಾಲ್ಟ್ ಸಿದ್ಧ. ಮೊಳಕೆ ಬಂದ ರಾಗಿಯ ಖನಿಜಾಂಶ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ.

● 2021ರಲ್ಲಿ ಬಾಳೆಕಾಯಿಗೆ ಬೆಲೆ ಕುಸಿದಾಗ ಶ್ರೀ ಪಡ್ರೆ ಸಂಪಾದಕತ್ವದ ‘ಅಡಿಕೆ ಪತ್ರಿಕೆ’ ಬಾಳೆಕಾಯಿ ಹುಡಿ, ಅಂದರೆ ‘ಬಾಕಾಹು’ ಮಾಡುವುದನ್ನು ಜನರಿಗೆ ಹೇಳಿಕೊಟ್ಟಿತು. ಕಾಯಿಯನ್ನು ತೆಳ್ಳಗೆ ಹೆಚ್ಚಿ, ಬಿಸಿಲಲ್ಲಿ ಗರಿಗರಿ ಒಣಗಿಸಿ, ಮಿಕ್ಸಿಗೆ ಹಾಕುವುದು, ಅಷ್ಟೇ. ಎಷ್ಟೋ ಮನೆಗಳಲ್ಲಿ ರೊಟ್ಟಿ, ದೋಸೆ, ಸಿಹಿತಿಂಡಿಗಳು ಅದರಿಂದಲೇ ಆದವು.

● ಉಪ್ಪು ಮಜ್ಜಿಗೆಯಲ್ಲಿ ನೆನೆದ ಬಾಳಕದ ಮೆಣಸಿನಕಾಯಿ, ಅರಳು ಸಂಡಿಗೆ, ರಂಜಾನಿನ ಶೀರ್ ಖುರ್ಮಾಕ್ಕೆ ಬೇಕಾದ ಗೋಧಿ ಶಾವಿಗೆ: ಮೂರನ್ನೂ ತಿಂಗಳುಗಟ್ಟಲೆ ಕಾಯುವುದು ಬೇಸಿಗೆಯ ಬಿಸಿಲು. ಇದಕ್ಕೆ ಮಾರ್ಚ್–ಏಪ್ರಿಲ್ ತಾರಸಿಯೇ ಕಾರ್ಖಾನೆ.

ಕೈಕೆಲಸ

● ಬಿದಿರು ಕಡ್ಡಿ, ಇದ್ದಿಲ ಪುಡಿ, ಮರದ ಹೊಟ್ಟು, ಅಂಟಿಗೆ ಜಿಗಟ್. ಊದುಬತ್ತಿಗೆ ಬೇಕಾದ್ದು ಇಷ್ಟೇ, ಪರಿಮಳ ಆಮೇಲಿನದು. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆ ಹೆಸರು ಬೆಳೆದದ್ದು, ಮನೆಯ ಹೊಸಿಲೊಳಗೆ ಕೂತು ಸಾವಿರದ ಲೆಕ್ಕದಲ್ಲಿ ಕಡ್ಡಿ ಹೊಸೆದ ಹೆಂಗಸರ ಕೈಯಿಂದ. ಆ ಕೈಗಳಿಗೆ ನ್ಯಾಯವಾದ ಕೂಲಿ ಸಿಗಬೇಕಾದದ್ದು ಹೆಸರಿನಷ್ಟೇ ಮುಖ್ಯ.

● ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಸೀಮೆಯ ಸಿದ್ದಿ ಮಹಿಳೆಯರು ಹಳೆಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿ ಅಂಚಿನಿಂದ ಶುರುವಾಗಿ, ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ಮೂಲೆಗಳಿಗೆ ಬಟ್ಟೆಯ ‘ಫೂಲ್’ (ಹೂವು) ಇಡದೆ ಕೆಲಸ ಪೂರ್ತಿಯಾಯಿತು ಎನ್ನುವುದಿಲ್ಲ. ಇಂದು ಇವು ಕಲಾಕೃತಿಗಳಾಗಿ ವಿದೇಶದಲ್ಲೂ ಪ್ರದರ್ಶನ ಕಾಣುತ್ತಿವೆ. ಉತ್ತರ ಕರ್ನಾಟಕದ ಕೌದಿಯೂ ಹಳೆ ಸೀರೆಯಿಂದಲೇ ಆಗುವಂಥದ್ದು.

● ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು ಕೆಂಪು–ಕಂದು ಬಣ್ಣ. ಸಾಗರ ತಾಲ್ಲೂಕಿನ ‘ಚರಕ’ ಮಹಿಳಾ ಸಹಕಾರ ಸಂಘ ಇದನ್ನು ಬಟ್ಟೆಗೆ ಹಾಕುತ್ತದೆ. ಮನೆಯಲ್ಲಿ ಈರುಳ್ಳಿ ಸಿಪ್ಪೆ, ದಾಳಿಂಬೆ ಸಿಪ್ಪೆ ಕುದಿಸಿ, ಪಟಿಕದ ನೀರಲ್ಲಿ ಅದ್ದಿದ ಹತ್ತಿ ಬಟ್ಟೆಗೆ ಬಣ್ಣ ಹಾಕಿ ನೋಡಿ.

● ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಭೇಟಿ ಕೊಟ್ಟಿದ್ದರು. ಅದೇ ನೆಲದಲ್ಲಿ 2015ರ ಏಪ್ರಿಲ್ 19ರಂದು ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸುಸ್ಥಿರ ಬದುಕಿನ ಸಮಾವೇಶ ನಡೆಯಿತು.

● ತುಪ್ಪದ ಹೀರೆ ಬಳ್ಳಿಯಲ್ಲೇ ಬಲಿತು ಒಣಗಿದರೆ ಒಳಗಿನ ನಾರು ಮೈಯುಜ್ಜುವ, ಪಾತ್ರೆ ತಿಕ್ಕುವ ಬ್ರಷ್ಷು. ಒಳಗಿನ ಬೀಜ ಮುಂದಿನ ಬಳ್ಳಿಗೆ. ಅಂಟುವಾಳಕಾಯಿ ನೆನೆಸಿದ ನೀರಿನ ನೊರೆ ರೇಷ್ಮೆ ಸೀರೆಗೂ ಹಿತ.

● ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗಾಗಿಸಿದರೆ ಚೌಕಾಬಾರದ ದಾಳ. ನೆಲದ ಮೇಲೆ ಸೀಮೆಸುಣ್ಣದಲ್ಲಿ 5×5 ಮನೆ ಬರೆದರೆ ಇಡೀ ಮನೆಯವರಿಗೆ ಆಟ.

ಶುರು ಮಾಡುವುದು ಎಲ್ಲಿಂದ?

● ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೆತೋಟಗಳು ಅಲ್ಲಿನ ತಾಜಾ ತರಕಾರಿಯಲ್ಲಿ ಸುಮಾರು ಶೇಕಡಾ 40ರಷ್ಟನ್ನು ಬೆಳೆದವು ಎಂಬ ಅಂದಾಜಿದೆ. ನಮ್ಮಲ್ಲಿ ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಬೆಂಗಳೂರಿನ ತಾರಸಿಗಳಲ್ಲಿ ಸಾವಯವ ತರಕಾರಿ ಬೆಳೆಯಲು ಜನರಿಗೆ ಕಲಿಸಿದರು. 2011ರಿಂದ ‘ಊಟ ಫ್ರಂ ಯುವರ್ ತೋಟ’ ಸಂತೆಗಳು ನಡೆದವು. ಬೆಂಗಳೂರಿನಲ್ಲಿ ಆದದ್ದು ಮೈಸೂರಿನಲ್ಲೂ ಆಗುತ್ತದೆ.

● ಗಿಡದಲ್ಲೇ ಹಣ್ಣಾಗಿ ಹಳದಿ ತಿರುಗಿದ ಒಂದು ಬದನೆಯಲ್ಲಿ ನೂರಾರು ಬೀಜಗಳಿರುತ್ತವೆ. ಒಂದು ಮನೆಗೆ ನಾಲ್ಕೈದು ಗಿಡ ಸಾಕು. ಉಳಿದದ್ದು ಎದುರು ಮನೆಗೆ, ಪಕ್ಕದ ಮನೆಗೆ, ಮೂಲೆ ಮನೆಯ ಬಾಡಿಗೆದಾರರಿಗೆ ಹಂಚಲಿಕ್ಕೆ. ಒಬ್ಬರು ಬದನೆ, ಇನ್ನೊಬ್ಬರು ಬಸಳೆ, ಮತ್ತೊಬ್ಬರು ಮೆಣಸಿನ ಬೀಜ ಎತ್ತಿಟ್ಟರೆ ಒಂದು ಅಡ್ಡರಸ್ತೆಗೆ ಬೇಕಾದ ಬೀಜವೆಲ್ಲ ಅಲ್ಲೇ ಇರುತ್ತದೆ. ಒಬ್ಬರ ಮಿತವ್ಯಯ ಹತ್ತು ಮನೆಯ ಸಮೃದ್ಧಿಯಾಗುವುದು ಹೀಗೆ. ಈ ವಾರ ಒಂದು ಹಣ್ಣನ್ನು ಕೊಯ್ಯದೆ ಗಿಡದಲ್ಲೇ ಬಿಡಿ.