ಆಗೀ ಹುಣ್ಣಿಮೆಯ ಬುದ್ಧ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹುಣ್ಣಿಮೆ ಎಂದರೆ ಎಲ್ಲಮ್ಮನ ಗುಡ್ಡದ ನೆನಪು. ವೈಶಾಖದ ಆಗೀ ಹುಣ್ಣಿಮೆ ಬುದ್ಧ ಜಯಂತಿಯೂ ಹೌದು. 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಮೇಲೆ ಈ ಹಬ್ಬಕ್ಕೆ ಹೊಸ ಜೀವ ಬಂತು.

ಹಾಗೆಂದು ಬುದ್ಧ ಈ ಸೀಮೆಗೆ ಹೊಸಬನಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವೊಂದಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅಲ್ಲಿ ಬೌದ್ಧ ವಿಹಾರ ಕಟ್ಟಿಸಿದವರು ಅರಸರಲ್ಲ, 16 ಮಂದಿ ಸೆಟ್ಟಿಗಳು! ಸಿಂಹ, ಹಾವು, ಬೆಂಕಿ, ಕಳ್ಳರ ಭಯ ನೀಗುವ ತಾರಾದೇವಿಯ ಸ್ತುತಿಯೂ ಆ ಕಲ್ಲಿನಲ್ಲಿದೆ. ಸರಕು ಹೇರಿಕೊಂಡು ಕಾಡುಹಾದಿ ಸವೆಸುವ ವರ್ತಕರಿಗೆ ಇದಕ್ಕಿಂತ ಹತ್ತಿರದ ದೇವತೆ ಇನ್ನಾರು?

ಆ ಸೆಟ್ಟರ ವಿಹಾರಕ್ಕೂ ನಾಗಪುರದ ದೀಕ್ಷೆಗೂ ನಡುವೆ 861 ವರ್ಷ.